ಮಾನಿಟರ್‌ನಿಂದ ಪ್ಲಗ್ಗಿನವರೆಗೆ: ಉಪನಗರದ ಮನೆಗೊಂದು ಗೇಮಿಂಗ್ ಪಿಸಿ

ಹನ್ನೆರಡನೆಯ ತರಗತಿಯ ಫಲಿತಾಂಶ ಬಂತೆಂದರೆ ಥಾಣೆ, ಡೊಂಬಿವಲಿ, ಕಲ್ಯಾಣ್, ನೆರೂಲ್ ಕಡೆಯ ನಮ್ಮವರ ಮನೆಗಳಲ್ಲಿ ಹೊಸದೊಂದು ಬೇಡಿಕೆ ಎದ್ದು ನಿಲ್ಲುತ್ತದೆ. ಮಗನಿಗೋ ಮಗಳಿಗೋ ಲ್ಯಾಪ್‌ಟಾಪ್ ಬೇಡ, ಬಿಡಿಭಾಗ ತಂದು ಜೋಡಿಸಿದ ಗೇಮಿಂಗ್ ಪಿಸಿ ಬೇಕು. ‘ಎಂಜಿನಿಯರಿಂಗಿಗೂ ಆಗುತ್ತದೆ ಪಪ್ಪಾ’ ಎಂಬ ಒಗ್ಗರಣೆಯೂ ಇರುತ್ತದೆ, ಅದು ಸುಳ್ಳೂ ಅಲ್ಲ. ಜೊತೆಗೆ ಯೂಟ್ಯೂಬ್ ನೋಡಿ ಗುರುತು ಹಾಕಿಕೊಂಡ ಭಾಗಗಳ ಪಟ್ಟಿ. ಹೆತ್ತವರಿಗೆ ಆ ಪಟ್ಟಿಯಲ್ಲಿ ಅರ್ಥವಾಗುವುದು ಕೊನೆಯ ಸಾಲು ಮಾತ್ರ: ಎಂಬತ್ತು, ತೊಂಬತ್ತು ಸಾವಿರ ರೂಪಾಯಿ.

ಮೊತ್ತ ದೊಡ್ಡದೇ. ಆದರೆ ಗೇಮಿಂಗ್ ಲೋಕದಲ್ಲಿ ಇದು ಮಧ್ಯಮ ಬಜೆಟ್. ಪಟ್ಟಿಯ ತೊಂದರೆ ಮೊತ್ತದಲ್ಲಿಲ್ಲ, ಕ್ರಮದಲ್ಲಿದೆ. ಹೆಚ್ಚಿನವರು ಪ್ರೊಸೆಸರಿನಿಂದ ಶುರು ಮಾಡಿ, ಹಣ ಮುಗಿಯುತ್ತ ಬಂದಾಗ ಮಾನಿಟರ್ ಮತ್ತು ಯಂತ್ರಕ್ಕೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್‌ಗೆ ಉಳಿದದ್ದನ್ನು ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಮೇಲಾಗಿ ಆ ವಿಡಿಯೊಗಳಲ್ಲಿ ಬಹುಪಾಲು ತಯಾರಾದದ್ದು ತಂಪು ದೇಶಗಳಲ್ಲಿ. ಅಲ್ಲಿ ಕರೆಂಟು ಹೋಗುವುದಿಲ್ಲ, ಗೋಡೆಯ ಪ್ಲಗ್ಗಿನಲ್ಲಿ ಅರ್ಥಿಂಗ್ ಇದೆಯೇ ಎಂದು ಯಾರೂ ಕೇಳುವುದಿಲ್ಲ. ನಮ್ಮ ಮನೆಗಳಿಗೆ ಪಟ್ಟಿ ಮಾನಿಟರಿನಿಂದ ಆರಂಭವಾಗಿ ಪ್ಲಗ್ಗಿನಲ್ಲಿ ಮುಗಿಯಬೇಕು.

ಮೊದಲು ಪರದೆ

ಕೇಳಬೇಕಾದ ಮೊದಲ ಪ್ರಶ್ನೆ: ಆಡುವುದು ಯಾವ ಆಟ, ಯಾವ ಪರದೆಯ ಮೇಲೆ? ವ್ಯಾಲೊರಂಟ್, ಕೌಂಟರ್ ಸ್ಟ್ರೈಕ್ 2ರಂಥ ಪೈಪೋಟಿಯ ಆಟಗಳಿಗೆ ಚಿತ್ರದ ಸೊಬಗಿಗಿಂತ ವೇಗ ಮುಖ್ಯ. ಸೈಬರ್‌ಪಂಕ್ 2077, ಬ್ಲ್ಯಾಕ್ ಮಿತ್ ವುಕಾಂಗ್‌ನಂಥವುಗಳಿಗೆ ಸೊಬಗೇ ಮುಖ್ಯ. 1080ಪಿ ಎನ್ನುವ ಪರದೆಯಲ್ಲಿ 1920 ಅಡ್ಡ, 1080 ಉದ್ದ, ಒಟ್ಟು ಸುಮಾರು 20.7 ಲಕ್ಷ ಚುಕ್ಕೆಗಳಿರುತ್ತವೆ. 1440ಪಿ ಪರದೆಯಲ್ಲಿ 36.9 ಲಕ್ಷ. 4ಕೆ ಪರದೆಯಲ್ಲಿ 83 ಲಕ್ಷದ ಹತ್ತಿರ. ಪ್ರತಿ ಚುಕ್ಕೆಗೂ ಗ್ರಾಫಿಕ್ಸ್ ಕಾರ್ಡ್ ಬಣ್ಣದ ಲೆಕ್ಕ ಹಾಕಬೇಕು, ಅದೂ ಸೆಕೆಂಡಿಗೆ ಅರವತ್ತೋ ನೂರೋ ಬಾರಿ. ಮಾನಿಟರ್ 1080ಪಿಯಿಂದ 1440ಪಿಗೆ ಏರಿದರೆ ಕಾರ್ಡಿನ ಕೆಲಸ ಮುಕ್ಕಾಲು ಪಾಲು ಹೆಚ್ಚುತ್ತದೆ.

60 ಹರ್ಟ್ಸ್ ಮಾನಿಟರ್ ಹೊಸ ಚಿತ್ರವನ್ನು 16.7 ಮಿಲಿಸೆಕೆಂಡಿಗೊಮ್ಮೆ ತೋರಿಸುತ್ತದೆ, 144 ಹರ್ಟ್ಸಿನದು 6.9 ಮಿಲಿಸೆಕೆಂಡಿಗೊಮ್ಮೆ. ಹಳೆಯ 60 ಹರ್ಟ್ಸ್ ಮಾನಿಟರ್ ಇಟ್ಟುಕೊಂಡು ಮೂವತ್ತು ಸಾವಿರದ ಕಾರ್ಡ್ ತಂದವನು ಅದರ ಅರ್ಧ ಕೆಲಸವನ್ನು ಕಣ್ಣಿಗೆ ಕಾಣಿಸದಂತೆ ಮಾಡಿಟ್ಟಿರುತ್ತಾನೆ. ಮಧ್ಯಮ ಬಜೆಟ್ಟಿಗೆ 24 ಇಂಚಿನ, 1080ಪಿ, 144 ಹರ್ಟ್ಸ್ ಅಥವಾ ಅದಕ್ಕಿಂತ ಮೇಲಿನ ಐಪಿಎಸ್ ಮಾನಿಟರ್ ಸರಿಯಾದ ಜೋಡಿ. ಕೈ ಸ್ವಲ್ಪ ಸಡಿಲವಾಗಿದ್ದರೆ 27 ಇಂಚಿನ 1440ಪಿ. ಮನೆಗೆ ತಂದ ಮೇಲೆ ಎರಡು ಕೆಲಸ ಮರೆಯಬಾರದು: ಕೇಬಲ್ಲನ್ನು ಮದರ್‌ಬೋರ್ಡಿನ ತೂತಿಗಲ್ಲ, ಗ್ರಾಫಿಕ್ಸ್ ಕಾರ್ಡಿನ ತೂತಿಗೆ ಸಿಕ್ಕಿಸಬೇಕು. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗಿಗೆ ಹೋಗಿ 60ರಲ್ಲೇ ನಿಂತಿರುವ ಅಂಕಿಯನ್ನು 144ಕ್ಕೆ ಏರಿಸಬೇಕು. ತಿಂಗಳುಗಟ್ಟಲೆ 60ರಲ್ಲೇ ಆಡಿದವರಿಗೆ ಕೊರತೆಯಿಲ್ಲ.

ಕಾರ್ಡಿನ ಹೆಸರು, ಡಬ್ಬದ ಅಂಕಿ

ಪರದೆ ನಿಶ್ಚಯವಾದರೆ ಕಾರ್ಡ್ ತಾನಾಗಿ ನಿಶ್ಚಯವಾಗುತ್ತದೆ. ಮಾನಿಟರ್ ಬಿಟ್ಟು ಉಳಿದ ಹಣದಲ್ಲಿ ಮೂರನೆಯ ಒಂದು ಪಾಲು, ಹೆಚ್ಚೆಂದರೆ ನೂರಕ್ಕೆ ನಲವತ್ತು, ಇದಕ್ಕೆ ಮೀಸಲು. 2025ರಲ್ಲಿ ಬಂದ ಎನ್‌ವಿಡಿಯಾದ ಆರ್‌ಟಿಎಕ್ಸ್ 5060, 5060 ಟಿಐ, ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ, ಅದಕ್ಕೂ ಹಿಂದೆ 2024ರ ಡಿಸೆಂಬರಿನಲ್ಲಿ ಬಂದ ಇಂಟೆಲ್‌ನ ಆರ್ಕ್ ಬಿ580 ಈ ಸಾಲಿನವು. ಇವುಗಳಲ್ಲಿ ಯಾವುದು ಎಂಬುದನ್ನು ಅಂದಿನ ಬೆಲೆ ತೀರ್ಮಾನಿಸಲಿ. ನೋಡಬೇಕಾದದ್ದು ಕಾರ್ಡಿನ ಮೇಲಿರುವ ಮೆಮೊರಿ.

5060ಕ್ಕೆ ಇರುವುದು 8 ಜಿಬಿ. ಬಿ580ಕ್ಕೆ 12. 5060 ಟಿಐ ಮತ್ತು 9060 ಎಕ್ಸ್‌ಟಿ ಎರಡೂ 8 ಜಿಬಿ, 16 ಜಿಬಿ ಎಂಬ ಎರಡೆರಡು ರೂಪಗಳಲ್ಲಿ ಬರುತ್ತವೆ, ಹೆಸರು ಮಾತ್ರ ಒಂದೇ. ಕೊಟೇಶನ್ ಚೀಟಿಯಲ್ಲಿ ಬರೀ ‘5060 ಟಿಐ’ ಎಂದಿದ್ದರೆ ಅಂಗಡಿಯವನ ಪೆನ್ನಿನಿಂದಲೇ ಮುಂದಿನ ಅಂಕಿ ಬರೆಸಿಕೊಳ್ಳಬೇಕು. 1080ಪಿಯಲ್ಲಿ ವ್ಯಾಲೊರಂಟ್ ಆಡುವವನಿಗೆ 8 ಜಿಬಿ ಧಾರಾಳ ಸಾಕು. ಹೊಸ ಕಥಾಪ್ರಧಾನ ಆಟಗಳು ಚಿತ್ರದ ಗುಣಮಟ್ಟ ಏರಿಸಿದೊಡನೆ 8 ಜಿಬಿಯನ್ನು ಮೀರುತ್ತವೆ. ಆಗ ಕಾರ್ಡಿಗೆ ಶಕ್ತಿ ಇದ್ದರೂ ಆಟ ತಡವರಿಸುತ್ತದೆ. ನಾಲ್ಕೈದು ವರ್ಷ ಓಡಿಸುವ ಇರಾದೆಯಿದ್ದವರು ಇಲ್ಲಿ ನಾಲ್ಕು ಕಾಸು ಹೆಚ್ಚು ಹಾಕಿದರೆ ನಷ್ಟವಿಲ್ಲ.

ಸೆಕೆಂಡ್ ಹ್ಯಾಂಡ್ ಕಾರ್ಡಿನ ಆಸೆ ಎಲ್ಲರಿಗೂ ಒಮ್ಮೆ ಬಂದೇ ಬರುತ್ತದೆ. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಎಂಬ ಡಿಜಿಟಲ್ ನಾಣ್ಯದ ಜಾಲ ತನ್ನ ಕಾರ್ಯವಿಧಾನ ಬದಲಿಸಿದಾಗ ಗ್ರಾಫಿಕ್ಸ್ ಕಾರ್ಡುಗಳಿಂದ ಆ ನಾಣ್ಯ ಗಣಿಗಾರಿಕೆ ಮಾಡುವುದು ನಿಂತುಹೋಯಿತು. ಹಗಲಿರುಳು ಉರಿದ ಕಾರ್ಡುಗಳು ಮೂಟೆಗಟ್ಟಲೆ ಹಳೆ ಮಾಲಿನ ಪೇಟೆಗೆ ಇಳಿದವು. ಎಲ್ಲವೂ ಕೆಟ್ಟವಲ್ಲ. ಆದರೆ ಕಣ್ಣೆದುರು ಅರ್ಧ ಗಂಟೆ ಆಟ ಓಡಿಸಿ ತೋರಿಸದವನಿಂದ, ಹಳೆಯ ಬಿಲ್ಲು ಕೊಡದವನಿಂದ ಕೊಳ್ಳಬಾರದು. ಹಳೆಯ ಚಿಪ್ಪಿಗೆ ಹೊಸ ಹೆಸರಿನ ಸಾಫ್ಟ್‌ವೇರ್ ತುಂಬಿ ಮಾರುವ ನಕಲಿ ಕಾರ್ಡುಗಳೂ ಇವೆ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಅವುಗಳಲ್ಲಿ ಹೆಚ್ಚಿನವನ್ನು ಹಿಡಿದುಕೊಡುತ್ತದೆ.

ಒಂದು ಭ್ರಮೆಯನ್ನೂ ಇಲ್ಲೇ ಬಿಡಿಸಬೇಕು. ಆನ್‌ಲೈನ್ ಆಟದಲ್ಲಿ ‘ಪಿಂಗ್ ಜಾಸ್ತಿ’, ಅಂದರೆ ಸರ್ವರಿನ ಉತ್ತರ ತಡ, ಎಂಬ ದೂರಿಗೆ ಕಾರ್ಡು ಮದ್ದಲ್ಲ. ವ್ಯಾಲೊರಂಟ್‌ಗೆ ಮುಂಬಯಿಯಲ್ಲೇ ಸರ್ವರ್ ಇದೆ. ಕಲ್ಯಾಣಿನಲ್ಲಿ ಕುಳಿತವನಿಗೆ ಅದು ಊರೊಳಗಿನ ದಾರಿ. ವೈಫೈ ಬಿಟ್ಟು ರೂಟರಿನಿಂದ ಒಂದು ತಂತಿ ಎಳೆದರೆ ಕೆಲವು ನೂರು ರೂಪಾಯಿಯಲ್ಲಿ ಆ ಸಮಸ್ಯೆ ಮುಗಿಯುತ್ತದೆ.

ಪ್ರೊಸೆಸರ್: ಆರು ಕೋರ್ ಸಾಕು

ಈ ದರ್ಜೆಯ ಕಾರ್ಡಿಗೆ ಆರು ಕೋರ್‌ಗಳ ಪ್ರೊಸೆಸರ್ ಸಾಲುತ್ತದೆ. ಅದಕ್ಕಿಂತ ಬಡವಾದದ್ದು ಹಾಕಿದರೆ ಕಾರ್ಡಿನ ಪಾಡು, ಬಾಗಿಲಲ್ಲಿ ನಿಂತವರು ಜರುಗದೆ ಥಾಣೆ ಬಂದರೂ ಇಳಿಯಲಾಗದ ಲೋಕಲ್ ಪ್ರಯಾಣಿಕನದ್ದು. ಅದಕ್ಕಿಂತ ದೊಡ್ಡದು ಹಾಕಿದರೆ ಕಾರ್ಡಿನ ಹಣ ಇಲ್ಲಿ ಕರಗುತ್ತದೆ.

2023ರ ಜನವರಿಯಲ್ಲಿ ಬಂದ ಎಎಂಡಿ ರೈಜೆನ್ 5 7600 ಈಗಲೂ ಒಳ್ಳೆಯ ಆಯ್ಕೆ. 65 ವ್ಯಾಟಿನ ವರ್ಗದ್ದು, ಡಬ್ಬದಲ್ಲೇ ಕೂಲರ್ ಬರುತ್ತದೆ. ಅದು ಕೂರುವ ಎಎಂ5 ಸಾಕೆಟ್ಟಿಗೆ 2027ರವರೆಗೂ, ಅದರಾಚೆಗೂ ಬೆಂಬಲ ಇರುತ್ತದೆಂದು ಎಎಂಡಿ ಹೇಳಿದೆ. ಮೂರು ವರ್ಷದ ಮೇಲೆ ಬೋರ್ಡ್ ಬದಲಿಸದೆ ಪ್ರೊಸೆಸರ್ ಮಾತ್ರ ಬದಲಿಸಬಹುದು. ಬಜೆಟ್ ಇನ್ನೂ ಬಿಗಿಯಾದರೆ 2022ರ ರೈಜೆನ್ 5 5600 ಅಥವಾ ಇಂಟೆಲ್ ಕೋರ್ ಐ5-12400 ಇವೆ. ಇವೆರಡೂ ಡಿಡಿಆರ್4 ಮೆಮೊರಿಯಲ್ಲಿ ನಡೆಯುತ್ತವೆ, ಆದರೆ ಮುಂದಕ್ಕೆ ಬೆಳೆಯುವ ದಾರಿ ಕಿರಿದು. ಇಂಟೆಲ್‌ನ 13, 14ನೇ ತಲೆಮಾರಿನ ಮೇಲ್ದರ್ಜೆಯ ಪ್ರೊಸೆಸರುಗಳಲ್ಲಿ ವೋಲ್ಟೇಜಿನ ದೋಷವಿತ್ತೆಂದು 2024ರಲ್ಲಿ ಕಂಪನಿಯೇ ಒಪ್ಪಿ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಅವುಗಳನ್ನು ಹಳೆ ಮಾಲಾಗಿ ಕೊಳ್ಳುವವರು ಇದನ್ನು ನೆನಪಿಡಬೇಕು.

ನಮ್ಮ ಓದುವ ಮಕ್ಕಳಿಗೆ ಮುಖ್ಯವಾದ ಒಂದು ಸೂಕ್ಷ್ಮವಿದೆ. ಇಂಟೆಲ್ ಹೆಸರಿನ ಕೊನೆಗೆ ‘ಎಫ್’ ಇದ್ದರೆ, ಎಎಂಡಿಯಲ್ಲಿ 7500ಎಫ್ ಎಂದಿದ್ದರೆ, ಅದರೊಳಗೆ ಚಿತ್ರ ತೋರಿಸುವ ಸಣ್ಣ ಭಾಗ ಇರುವುದಿಲ್ಲ. ಒಂದೆರಡು ಸಾವಿರ ಉಳಿಯುತ್ತದೆ, ಸರಿ. ಆದರೆ ಗ್ರಾಫಿಕ್ಸ್ ಕಾರ್ಡ್ ಕೆಟ್ಟು ವಾರಂಟಿಗೆ ಹೋದರೆ, ಅದು ವಾಪಸು ಬರುವ ತನಕ ಯಂತ್ರ ಬರೀ ಡಬ್ಬ. ಎಫ್ ಇಲ್ಲದ 7600 ಆ ದಿನಗಳಲ್ಲಿ ಆಟ ಬಿಟ್ಟು ಉಳಿದೆಲ್ಲ ಕೆಲಸಕ್ಕೆ ಆಗಿಬರುತ್ತದೆ. ಪ್ರಾಜೆಕ್ಟ್ ಸಲ್ಲಿಸುವ ವಾರವೇ ಕಾರ್ಡ್ ಕೈಕೊಡುವುದುಂಟು.

ಮದರ್‌ಬೋರ್ಡಿಗೆ 7600ರ ಜೊತೆಯಾದರೆ ಬಿ650 ಅಥವಾ ಬಿ850 ಚಿಪ್‌ಸೆಟ್ಟಿನ ಸಾಮಾನ್ಯ ಬೋರ್ಡ್ ಸಾಕು. ಬಣ್ಣದ ದೀಪಗಳಿಂದ ಆಟದ ವೇಗ ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ.

ರ‍್ಯಾಮ್ ಬೆಲೆಯ ಹಿಂದಿನ ಕಥೆ

ಹಿಂದೆ ರ‍್ಯಾಮ್ ಬಗ್ಗೆ ಎರಡು ಸಾಲು ಬರೆದರೆ ಮುಗಿಯುತ್ತಿತ್ತು. ಒಂದೇ ಕಡ್ಡಿಯ ಬದಲು ಜೋಡಿ ಕೊಳ್ಳಿ, ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿನಲ್ಲಿ ಹಾಕಿ, ಬಯಾಸ್‌ಗೆ ಹೋಗಿ ಎಕ್ಸ್‌ಪೊ ಅಥವಾ ಎಕ್ಸ್‌ಎಂಪಿ ಒತ್ತಿ. ಎಕ್ಸ್‌ಪೊ ಒತ್ತದಿದ್ದರೆ 6000 ಎಂದು ಬರೆದ ಡಿಡಿಆರ್5 ಕಡ್ಡಿ ತನ್ನ ಪೂರ್ಣ ವೇಗಕ್ಕೆ ಏರುವುದೇ ಇಲ್ಲ. ಇವೆಲ್ಲ ಈಗಲೂ ನಿಜವೇ. ಆದರೆ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ದುಪ್ಪಟ್ಟನ್ನೂ ದಾಟಿ, ಪಟ್ಟಿಯ ಲೆಕ್ಕವೇ ತಲೆಕೆಳಗಾಯಿತು.

ಕಾರಣ ಕಾಣಬೇಕಾದರೆ ಥಾಣೆಯಿಂದ ವಾಶಿಗೆ ಹೋಗುವ ಲೋಕಲ್ ಹತ್ತಿದರೂ ಸಾಕು. ಐರೋಲಿ, ರಬಾಲೆ, ಮಹಾಪೆಯ ಕೈಗಾರಿಕಾ ಪಟ್ಟಿಯಲ್ಲಿ ಕಿಟಕಿಗಳಿಲ್ಲದ ದೊಡ್ಡ ಕಟ್ಟಡಗಳು ಏಳುತ್ತಿವೆ. ಅವು ಡೇಟಾ ಸೆಂಟರುಗಳು. ಕೃತಕ ಬುದ್ಧಿಮತ್ತೆಯ ಅಲೆಯಲ್ಲಿ ಜಗತ್ತಿನಾದ್ಯಂತ ಇಂಥವುಗಳ ಹಸಿವು ಹೆಚ್ಚಿದೆ. ಮೆಮೊರಿ ಚಿಪ್ ತಯಾರಿಕೆಯ ಬಹುಪಾಲು ಇರುವುದು ಸ್ಯಾಮ್ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರು ಕಂಪನಿಗಳ ಕೈಯಲ್ಲಿ. ಅವು ಹೆಚ್ಚು ಲಾಭದ ಸರ್ವರ್ ಮೆಮೊರಿಯತ್ತ ಹೊರಳಿದಾಗ ಮನೆಯ ಪಿಸಿಗೆ ಬರುವ ಪಾಲು ಕುಗ್ಗಿತು. 2025ರ ಡಿಸೆಂಬರಿನಲ್ಲಿ ಮೈಕ್ರಾನ್ ತನ್ನ ಕ್ರೂಷಿಯಲ್ ಹೆಸರಿನ ಗ್ರಾಹಕ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಘೋಷಿಸಿತು. ಎಸ್‌ಎಸ್‌ಡಿ ಬೆಲೆಯೂ ಅದೇ ದಾರಿ ಹಿಡಿಯಿತು.

ಹೀಗಿರುವಾಗ 32 ಜಿಬಿಯ ಹಟ ಬೇಡ. 8 ಜಿಬಿಯ ಎರಡು ಕಡ್ಡಿಗಳಿಂದ ಆಟಗಳು ನಡೆಯುತ್ತವೆ. ಮುಂದೆ ಬೆಲೆ ಇಳಿದಾಗ ಅವನ್ನು ಮಾರಿ 16ರ ಜೋಡಿ ಹಾಕಬಹುದು. ಮನೆಯಲ್ಲಿ ಹಳೆಯ ಡಿಡಿಆರ್4 ಯಂತ್ರವಿದ್ದರೆ ಅದನ್ನು ಗುಜರಿಗೆ ಹಾಕುವ ಮುನ್ನ ಇನ್ನೊಮ್ಮೆ ಯೋಚಿಸಿ. ಅದರ ರ‍್ಯಾಮ್ ಉಳಿಸಿಕೊಂಡು 5600 ಮತ್ತು ಹೊಸ ಕಾರ್ಡ್ ಹಾಕುವುದೇ ಜಾಣತನವಾಗಬಹುದು. ಎಸ್‌ಎಸ್‌ಡಿಯಲ್ಲಿ ಮಾತ್ರ 1 ಟಿಬಿಗಿಂತ ಇಳಿಯಬೇಡಿ. ಒಂದೊಂದು ಹೊಸ ಆಟವೇ ನೂರು ಜಿಬಿ ದಾಟುತ್ತದೆ.

ಕ್ಯಾಬಿನೆಟ್ಟಿಗೆ ಕೈ ತಾಗಿದರೆ ಜುಮ್ಮೆನ್ನುವುದೇಕೆ?

ಮಳೆಗಾಲದಲ್ಲಿ ಬರಿಗಾಲಲ್ಲಿ ಮೊಸಾಯಿಕ್ ನೆಲದ ಮೇಲೆ ನಿಂತು, ಓಡುತ್ತಿರುವ ಪಿಸಿಯ ಹಿಂಬದಿಯ ಸ್ಕ್ರೂ ಮುಟ್ಟಿದರೆ ಬೆರಳು ಜುಮ್ಮೆನ್ನುವ ಅನುಭವ ಹಳೆಯ ಕಟ್ಟಡಗಳ ನಿವಾಸಿಗಳಿಗೆ ಹೊಸದಲ್ಲ. ಟೆಸ್ಟರ್ ಇಟ್ಟರೆ ಮಂದವಾಗಿ ಉರಿಯುತ್ತದೆ. ಯಂತ್ರ ಕೆಟ್ಟಿದೆಯೆಂದು ಅಂಗಡಿಗೆ ಹೊತ್ತೊಯ್ದರೆ ಅಲ್ಲಿ ಜುಮ್ಮೆನ್ನುವುದೇ ಇಲ್ಲ.

ಎಸ್‌ಎಂಪಿಎಸ್ ಒಳಗೆ ವಿದ್ಯುತ್ ಗದ್ದಲವನ್ನು ಸೋಸಲು ಎರಡು ಪುಟ್ಟ ಕೆಪಾಸಿಟರುಗಳಿರುತ್ತವೆ. ಒಂದು ಫೇಸಿನಿಂದ, ಇನ್ನೊಂದು ನ್ಯೂಟ್ರಲ್‌ನಿಂದ ಲೋಹದ ಮೈಗೆ ಕೂಡಿರುತ್ತದೆ. ಅವು ಸೋಸಿದ್ದು ಅರ್ಥಿಂಗ್ ತಂತಿಯ ಮೂಲಕ ನೆಲಕ್ಕೆ ಹೋಗಬೇಕು. ಗೋಡೆಯ ಮೂರನೆಯ ತೂತಿನ ಹಿಂದೆ ತಂತಿಯೇ ಇಲ್ಲದಿದ್ದರೆ ಕ್ಯಾಬಿನೆಟ್ಟಿನ ಮೈ 230 ವೋಲ್ಟಿನ ಅರ್ಧಕ್ಕೆ, ಅಂದರೆ ಸುಮಾರು 115 ವೋಲ್ಟಿಗೆ ಏರಿ ನಿಲ್ಲುತ್ತದೆ. ಹರಿಯುವ ವಿದ್ಯುತ್ತು ಅತಿ ಸಣ್ಣದಾದ್ದರಿಂದ ಜುಮ್ಮೆಂದು ಬಿಡುತ್ತದೆ. ಆದರೆ ಎಸ್‌ಎಂಪಿಎಸ್ ಒಳಗೆ ನಿಜವಾದ ದೋಷ ಉಂಟಾದ ದಿನ ಕಾಪಾಡಲು ಏನೂ ಇರುವುದಿಲ್ಲ. ಪಿಸಿ ತರುವ ಮುನ್ನವೇ ಎಲೆಕ್ಟ್ರಿಶಿಯನ್ನನ್ನು ಕರೆಸಿ ಮಲ್ಟಿಮೀಟರ್ ಇಡಿಸಿ. ಫೇಸ್ ಮತ್ತು ಅರ್ಥಿಂಗ್ ನಡುವೆ 230ರ ಆಸುಪಾಸು, ನ್ಯೂಟ್ರಲ್ ಮತ್ತು ಅರ್ಥಿಂಗ್ ನಡುವೆ ಒಂದೆರಡು ವೋಲ್ಟ್ ಬಂದರೆ ಸರಿ. ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಅಡಾಪ್ಟರ್ ಹಾಕುವುದನ್ನು ಇಂದೇ ನಿಲ್ಲಿಸಿ.

ಎಸ್‌ಎಂಪಿಎಸ್ ಆರಿಸುವಾಗ ‘ಕ್ಯಾಬಿನೆಟ್ ಜೊತೆ ಫ್ರೀ’ ಎಂಬ ಮಾತಿಗೆ ಮರುಳಾಗಬೇಡಿ. ಹೇಳಿದ ಬಿಡಿಭಾಗಗಳೆಲ್ಲ ಪೂರ್ತಿ ದುಡಿದಾಗಲೂ ಗೋಡೆಯಿಂದ ಎಳೆಯುವುದು ಮಾನಿಟರ್ ಸೇರಿ 350 ವ್ಯಾಟಿನ ಆಸುಪಾಸು. ಹಾಗಾಗಿ ಹೆಸರಾಂತ ಕಂಪನಿಯ 550ರಿಂದ 650 ವ್ಯಾಟಿನದು ಸಾಕು, 850 ಬೇಡ. ‘80 ಪ್ಲಸ್ ಬ್ರಾಂಜ್’ ಎಂದರೆ ಅರ್ಧ ಹೊರೆಯಲ್ಲಿ ಕನಿಷ್ಠ ನೂರಕ್ಕೆ 85ರಷ್ಟು ದಕ್ಷತೆ. ಅದು ರಕ್ಷಣೆಯ ಪ್ರಮಾಣಪತ್ರವಲ್ಲ. ರಕ್ಷಣೆಯ ಸುಳಿವು ಸಿಗುವುದು ವಾರಂಟಿಯಲ್ಲಿ. ಐದು ವರ್ಷ ಅಥವಾ ಹೆಚ್ಚು ಕೊಡುವವರು ಒಳಗಿನ ಮಾಲಿನ ಮೇಲೆ ಭರವಸೆ ಇಟ್ಟಿರುತ್ತಾರೆ.

2020ರ ಅಕ್ಟೋಬರ್ 12ರಂದು ಮುಂಬಯಿ, ಥಾಣೆ, ನವಿ ಮುಂಬಯಿ ಒಟ್ಟಿಗೆ ವಿದ್ಯುತ್ ಕಳೆದುಕೊಂಡದ್ದು ಅಪರೂಪದ ಘಟನೆ. ದುರಸ್ತಿಗೆಂದು ಮಹಾವಿತರಣದವರು ತೆಗೆಯುವುದು, ಮೊದಲ ಮಳೆಗೆ ಹೋಗುವುದು ನಮಗೆ ಮಾಮೂಲು. ಅಗ್ಗದ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್ ಮಾತ್ರ. ಆಟದ ನಡುವೆ ಕರೆಂಟು ಹೋದರೆ ಅದು ಕಿರುಚಿ ಸುಮ್ಮನಾಗಬಹುದು. 1000 ವಿಎಯದು ಎರಡು ಮೂರು ನಿಮಿಷ ಕೊಟ್ಟರೂ ಸಾಕು, ಸರಿಯಾಗಿ ಶಟ್‌ಡೌನ್ ಮಾಡಬಹುದು. ಬಿಲ್ಲಿನ ಲೆಕ್ಕವೂ ಇರಲಿ: ದಿನಕ್ಕೆ ಮೂರು ಗಂಟೆ ಆಡಿದರೆ ಸುಮಾರು ಒಂದು ಯೂನಿಟ್, ತಿಂಗಳಿಗೆ ಮೂವತ್ತು. ಬಳಕೆ 100 ಯೂನಿಟ್ಟಿನ ಅಂಚಿನಲ್ಲಿದ್ದ ಮನೆ ಇದರಿಂದ ಮೇಲಿನ ದರದ ಮೆಟ್ಟಿಲಿಗೆ ಏರುತ್ತದೆ.

ಬೆವರು, ಧೂಳು, ಗಾಳಿ

ಪ್ರೊಸೆಸರ್ ಕೋಣೆಯ ಗಾಳಿಗಿಂತ ತಣ್ಣಗಾಗಲಾರದು. ಮೇ ತಿಂಗಳಲ್ಲಿ ಕೋಣೆಯೇ 34 ಡಿಗ್ರಿ ಇದ್ದರೆ ವಿಡಿಯೊದವನ 20 ಡಿಗ್ರಿ ಕೋಣೆಯ ಲೆಕ್ಕಕ್ಕೆ 14 ಸೇರಿಸಬೇಕು. ಇದಕ್ಕೆ ದುಬಾರಿ ಲಿಕ್ವಿಡ್ ಕೂಲರ್ ಪರಿಹಾರವಲ್ಲ. ಮುಂಭಾಗ ಗಾಜಿನ ಬದಲು ಜಾಲರಿ ಇರುವ ಕ್ಯಾಬಿನೆಟ್, ಗಾಳಿ ಒಳಗೆಳೆಯುವ ಎರಡು ಫ್ಯಾನ್, ಹೊರಹಾಕುವ ಒಂದು. ಒಳಬರುವ ಗಾಳಿ ಹೆಚ್ಚಿದ್ದರೆ ಸಂದಿಗಳಿಂದ ಧೂಳು ನುಗ್ಗುವುದು ಕಡಿಮೆ.

ಡೊಂಬಿವಲಿಯ ಎಂಐಡಿಸಿ ಸುತ್ತಮುತ್ತಲಿನವರಿಗೆ ಇನ್ನೊಂದು ಮಾತು. 2020ರ ಫೆಬ್ರುವರಿಯಲ್ಲಿ ಅಲ್ಲಿನ ರಸ್ತೆಯೊಂದು ರಾಸಾಯನಿಕದಿಂದ ಗುಲಾಬಿ ಬಣ್ಣಕ್ಕೆ ತಿರುಗಿ ಸುದ್ದಿಯಾಗಿತ್ತು. ಗಂಧಕದ ಅಂಶವಿರುವ ಅನಿಲ ತೇವದ ಜೊತೆ ಸೇರಿದರೆ ತಾಮ್ರ, ಬೆಳ್ಳಿಯ ಸಂಪರ್ಕಗಳು ಕಪ್ಪಿಡುತ್ತವೆ. ಇಂಥ ಕಡೆ ಪಿಸಿಯನ್ನು ಕಿಟಕಿಯ ಕೆಳಗೆ ಇಡಬಾರದು, ಧೂಳಿನ ಫಿಲ್ಟರನ್ನು ತಿಂಗಳಿಗೊಮ್ಮೆ ತೊಳೆಯಬೇಕು, ಮಳೆಗಾಲದಲ್ಲಿ ಪರೀಕ್ಷೆಯ ನೆಪದಲ್ಲಿ ವಾರಗಟ್ಟಲೆ ಮುಚ್ಚಿಡದೆ ಆಗಾಗ ಓಡಿಸಬೇಕು.

ಲ್ಯಾಮಿಂಗ್ಟನ್ ರೋಡಿಗೆ ಹೋಗುವುದಾದರೆ

ಭಾಗಗಳು ಆನ್‌ಲೈನಿನಲ್ಲೂ ಸಿಗುತ್ತವೆ, ಸ್ಟೇಷನ್ ಹತ್ತಿರದ ಅಂಗಡಿಗಳಲ್ಲೂ ಸಿಗುತ್ತವೆ. ಆದರೂ ಬೆಲೆ ತೂಗಿ ನೋಡಲು ಲ್ಯಾಮಿಂಗ್ಟನ್ ರೋಡ್ ಇದ್ದೇ ಇದೆ. ಕಾಗದದ ಮೇಲೆ ಅದು ಡಾ. ದಾದಾಸಾಹೇಬ್ ಭಡ್ಕಮ್‌ಕರ್ ಮಾರ್ಗ. ಬೆಂಗಳೂರಿಗರಿಗೆ ಎಸ್‌ಪಿ ರೋಡ್ ಹೇಗೋ ಮುಂಬಯಿಗರಿಗೆ ಇದು ಹಾಗೆ. ಕಲ್ಯಾಣ್, ಡೊಂಬಿವಲಿ, ಥಾಣೆಯವರು ದಾದರಿನಲ್ಲಿ ಇಳಿದು ವೆಸ್ಟರ್ನ್ ಲೈನ್ ಹಿಡಿದು ಗ್ರ್ಯಾಂಟ್ ರೋಡಿಗೆ ಹೋಗಬೇಕು. ಭಾನುವಾರ ಬೇಡ. ಹೆಚ್ಚಿನ ಅಂಗಡಿಗಳ ಬಾಗಿಲು ಮುಚ್ಚಿರುತ್ತದೆ, ರೈಲಿಗೆ ಮೆಗಾಬ್ಲಾಕ್ ಕಾಟ ಬೇರೆ.

ನಾಲ್ಕೈದು ಅಂಗಡಿಗಳಲ್ಲಿ ಒಂದೇ ಪಟ್ಟಿಗೆ ಕೊಟೇಶನ್ ಪಡೆಯಿರಿ. ಪ್ರತಿ ಸಾಲಿನಲ್ಲೂ ಕಂಪನಿ, ಮಾದರಿ ಸಂಖ್ಯೆ, ವಾರಂಟಿಯ ವರ್ಷ ಇರಲಿ. ‘650 ವ್ಯಾಟ್ ಎಸ್‌ಎಂಪಿಎಸ್’ ಎಂದಷ್ಟೇ ಬರೆದ ಚೀಟಿಗೆ ಬೆಲೆಯಿಲ್ಲ. ಬಿಡಿಭಾಗಗಳಿಗೆ ಜಿಎಸ್‌ಟಿ ನೂರಕ್ಕೆ 18. ಅಂದರೆ 85 ಸಾವಿರದ ಬಿಲ್ಲಿನಲ್ಲಿ ಸುಮಾರು 13 ಸಾವಿರ ತೆರಿಗೆ. ‘ಬಿಲ್ ಬೇಡ ಅಂದರೆ ಇಷ್ಟು ಬಿಡುತ್ತೇನೆ’ ಎಂಬ ಆಸೆ ಹುಟ್ಟುವುದು ಅಲ್ಲೇ. ಬಿಲ್ಲಿಲ್ಲದ ಕಾರ್ಡು ಎರಡನೆಯ ವರ್ಷ ಕೆಟ್ಟರೆ ಸರ್ವಿಸ್ ಸೆಂಟರಿನಲ್ಲಿ ಮಾತನಾಡಲು ಬಾಯಿಯೇ ಇರುವುದಿಲ್ಲ.

ಮದರ್‌ಬೋರ್ಡ್ ಡಬ್ಬವನ್ನು ಕೌಂಟರಿನಲ್ಲೇ ತೆರೆಸಿ. ಎಎಂ5 ಸಾಕೆಟ್ಟಿನ 1718 ಪಿನ್ನುಗಳಿರುವುದು ಬೋರ್ಡಿನಲ್ಲಿ, ಪ್ರೊಸೆಸರಿನಲ್ಲಲ್ಲ. ಒಂದು ಬಾಗಿದ್ದರೂ ವಾರಂಟಿ ಸಿಗುವುದು ಕಷ್ಟ. ಮುಚ್ಚಳ ತೆಗೆದು ಮೊಬೈಲಿನ ಬೆಳಕು ಓರೆಯಾಗಿ ಬೀರಿ ಫೋಟೊ ತೆಗೆದುಕೊಳ್ಳಿ. ಸಾಲು ತಪ್ಪಿದ ಪಿನ್ ಆ ಬೆಳಕಿನಲ್ಲಿ ಬೇರೆಯಾಗಿ ಮಿನುಗುತ್ತದೆ. ಅಂಗಡಿಯಲ್ಲೇ ಜೋಡಿಸಿ ತರುವುದಾದರೆ ಗ್ರಾಫಿಕ್ಸ್ ಕಾರ್ಡನ್ನು ಕಳಚಿ ಅದರ ಡಬ್ಬದಲ್ಲೇ ಹಾಕಿಸಿಕೊಳ್ಳಿ. ಇಲ್ಲದಿದ್ದರೆ ಲಗೇಜ್ ಡಬ್ಬಿಯ ನೂಕಾಟದಲ್ಲಿ ಕಾರ್ಡಿನ ಭಾರಕ್ಕೆ ಸ್ಲಾಟೇ ಬಿರುಕು ಬಿಡಬಹುದು.

ಕೊನೆಗೊಂದು ಲೆಕ್ಕ. ಗ್ರಾಫಿಕ್ಸ್ ಕಾರ್ಡಿಗೆ ಸಾಮಾನ್ಯವಾಗಿ ಮೂರು ವರ್ಷ ವಾರಂಟಿ, ನಾಲ್ಕೈದು ವರ್ಷಕ್ಕೆ ಅದು ಹಳತಾಗುತ್ತದೆ. ಪ್ರೊಸೆಸರ್ ಆರು ವರ್ಷ ಎಳೆಯುತ್ತದೆ. ಒಳ್ಳೆಯ ಮಾನಿಟರ್, ಎಸ್‌ಎಂಪಿಎಸ್, ಕ್ಯಾಬಿನೆಟ್ ಎಂಟು ಹತ್ತು ವರ್ಷ ಬಾಳಿ ಮುಂದಿನ ಯಂತ್ರಕ್ಕೂ ಒದಗುತ್ತವೆ. ಹುಡುಗರ ಪಟ್ಟಿಯಲ್ಲಿ ಕತ್ತರಿ ಮೊದಲು ಬೀಳುವುದು ಹೆಚ್ಚು ಕಾಲ ಬಾಳುವ ಈ ಮೂರರ ಮೇಲೆ. ಹೆತ್ತವರು ಕಾರ್ಡು, ಪ್ರೊಸೆಸರಿನ ವಿಷಯ ಮಕ್ಕಳಿಗೇ ಬಿಡಲಿ, ಅವರಿಗೆ ಅದು ಚೆನ್ನಾಗಿಯೇ ಗೊತ್ತು. ಎಸ್‌ಎಂಪಿಎಸ್, ಬಿಲ್ಲು ಮತ್ತು ಅರ್ಥಿಂಗ್, ಈ ಮೂರರಲ್ಲಿ ಮಾತ್ರ ರಾಜಿ ಇಲ್ಲವೆಂದು ಹಣ ಕೊಡುವ ಮೊದಲೇ ಹೇಳಿಬಿಡಲಿ.